ವಕೀಲರು ಯಾರು ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು: ಯಾವ ಕೋರ್ಟು, ಎಷ್ಟು ದಿನ?

ರನ್ನ ಬೆಳಗಲಿ: ಗೊಬ್ಬರದ ಅಂಗಡಿ ಇರಲಿ, ಕಿರಾಣಿ ಇರಲಿ, ಪೈಪು-ಮೋಟರಿನ ಅಂಗಡಿ ಇರಲಿ, ಉದ್ರಿ ಇಲ್ಲದ ವ್ಯಾಪಾರ ಈ ಭಾಗದಲ್ಲಿ ಕಡಿಮೆ. ‘ಕಬ್ಬಿನ ಬಿಲ್ ಬಂದ್ ಕೂಡ್ಲೆ ಕೊಡ್ತೀನ್ರಿ’ ಎಂಬ ಮಾತಿನ ಮೇಲೆ ಮಾಲು ಹೋಗುತ್ತದೆ. ಬಹಳ ಒತ್ತಾಯ ಮಾಡಿದರೆ ಒಂದು ಚೆಕ್ ಬರುತ್ತದೆ. ಆ ಚೆಕ್ ಬ್ಯಾಂಕಿನಿಂದ ವಾಪಸ್ ಬಂದ ದಿನ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಮುಧೋಳದಾಗ ಚಲೋ ವಕೀಲ್ರು ಯಾರದಾರ್ರೀ?’

ಪ್ರಶ್ನೆ ತಪ್ಪಲ್ಲ. ಆದರೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಈ ವ್ಯಾಜ್ಯ ಯಾವ ಕೋರ್ಟಿಗೆ ಅಥವಾ ಯಾವ ಕಚೇರಿಗೆ ಹೋಗಬೇಕು, ಮತ್ತು ಅದಕ್ಕೆ ಎಷ್ಟು ದಿನ ಉಳಿದಿವೆ ಎಂಬುದು. ಇದು ಗೊತ್ತಿಲ್ಲದೆ ಎಷ್ಟೇ ಹೆಸರುವಾಸಿ ವಕೀಲರನ್ನು ಹಿಡಿದರೂ ಉಪಯೋಗವಾಗದೇ ಇರಬಹುದು. ಕಾಲಮಿತಿ ಮೀರಿ ಹೋದ ಖಟ್ಲೆಯನ್ನು ಬದುಕಿಸುವುದು ದೊಡ್ಡ ವಕೀಲರಿಗೂ ಕಷ್ಟ.

ಚೆಕ್ಕಿನ ಲೆಕ್ಕ ಹೀಗಿದೆ

ಚೆಕ್ ಬೌನ್ಸ್ ಪ್ರಕರಣ ನಡೆಯುವುದು ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅಡಿ. ಚೆಕ್ಕಿನ ಮೇಲಿರುವ ತಾರೀಖಿನಿಂದ 3 ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಿರಬೇಕು. ವಾಪಸ್ ಬಂದ ಬಗ್ಗೆ ಬ್ಯಾಂಕಿನಿಂದ ಮೆಮೊ ಸಿಕ್ಕ 30 ದಿನದೊಳಗೆ ಚೆಕ್ ಕೊಟ್ಟವರಿಗೆ ಲಿಖಿತ ನೋಟಿಸ್ ಹೋಗಬೇಕು. ನೋಟಿಸ್ ಮುಟ್ಟಿದ ಮೇಲೆ ಅವರಿಗೆ ಹಣ ಕೊಡಲು 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು.

ತಾರೀಖು ಹಾಕಿ ನೋಡಿದರೆ ತಿಳಿಯುತ್ತದೆ. ಜೂನ್ 10ಕ್ಕೆ ಮೆಮೊ ಕೈಗೆ ಬಂದಿದೆ ಎಂದುಕೊಳ್ಳಿ. ಜುಲೈ 10ರೊಳಗೆ ನೋಟಿಸ್ ಹೊರಡಬೇಕು. ಅದು ಜುಲೈ 14ಕ್ಕೆ ಮುಟ್ಟಿದರೆ ಜುಲೈ 29ರವರೆಗೆ ಕಾಯಬೇಕು. ಆಗಲೂ ಹಣ ಬರದಿದ್ದರೆ ಆಗಸ್ಟ್ ಮುಗಿಯುವುದರೊಳಗೆ, ಇನ್ನೂ ಎರಡು ಮೂರು ದಿನ ಮುಂಚೆಯೇ, ದೂರು ಕೋರ್ಟಿನಲ್ಲಿರಬೇಕು. ‘ಹಬ್ಬ ಮುಗೀಲಿ, ಆಮ್ಯಾಲ ನೋಡೋಣ’ ಎಂದು ಬಿಟ್ಟರೆ ಶ್ರಾವಣದಲ್ಲೇ ಅವಧಿ ತೀರಿರುತ್ತದೆ.

ದೂರು ತಡವಾದರೆ ಸಮರ್ಪಕ ಕಾರಣ ತೋರಿಸಿ ಕೋರ್ಟಿನಿಂದ ವಿನಾಯಿತಿ ಕೇಳುವ ಅವಕಾಶ ಕಾಯ್ದೆಯಲ್ಲಿದೆ. ನೋಟಿಸಿನ 30 ದಿನಕ್ಕೆ ಅಂಥ ಸಡಿಲಿಕೆ ಇಲ್ಲ. ಆದರೆ ಚೆಕ್ಕಿನ 3 ತಿಂಗಳ ಅವಧಿ ಇನ್ನೂ ಇದ್ದರೆ ಅದನ್ನೇ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಮತ್ತೆ ವಾಪಸ್ ಬಂದರೆ ಹೊಸದಾಗಿ ನೋಟಿಸ್ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಮೊದಲ ಭೇಟಿಯಲ್ಲೇ ಈ ಲೆಕ್ಕ ಹಾಕಿ, ‘ನೋಟಿಸ್ ಇಂಥ ದಿನ ಹೋಗ್ತದ’ ಎಂದು ತಾರೀಖು ಹೇಳುವ ವಕೀಲರು ಈ ಕೆಲಸಕ್ಕೆ ಸರಿಯಾದವರು. ಅವರು ಹತ್ತು ವರ್ಷದ ಅನುಭವಿಯೋ ಮೂವತ್ತು ವರ್ಷದ ಅನುಭವಿಯೋ ಎಂಬುದು ಇಲ್ಲಿ ಅಷ್ಟು ದೊಡ್ಡ ವಿಷಯವಲ್ಲ.

ಕೋರ್ಟ್ ಯಾವುದು ಎಂಬುದೂ ಇಲ್ಲಿ ಎಡವುವ ಜಾಗ. 2015ರ ತಿದ್ದುಪಡಿ ಬಂದ ಮೇಲೆ, ಹಣ ಬರಬೇಕಾದವರ ಖಾತೆ ಯಾವ ಶಾಖೆಯಲ್ಲಿದೆಯೋ ಆ ವ್ಯಾಪ್ತಿಯ ಕೋರ್ಟಿನಲ್ಲಿ ಪ್ರಕರಣ ನಡೆಯುತ್ತದೆ. ಅಂಗಡಿ ಬೆಳಗಲಿಯಲ್ಲಿದ್ದರೂ ಖಾತೆ ಬನಹಟ್ಟಿಯ ಬ್ಯಾಂಕಿನಲ್ಲಿದ್ದರೆ ದೂರು ಬನಹಟ್ಟಿ ಕೋರ್ಟಿಗೆ, ಜಮಖಂಡಿಯಲ್ಲಿದ್ದರೆ ಜಮಖಂಡಿಗೆ. ಹಾಗಿರುವಾಗ ಮುಧೋಳದ ವಕೀಲರನ್ನು ಹಿಡಿದರೆ ಪ್ರತಿ ತಾರೀಖಿಗೂ ಅವರ ಓಡಾಟದ ಖರ್ಚು ಕಕ್ಷಿದಾರರ ತಲೆ ಮೇಲೆ.

ಚೆಕ್ ಇಲ್ಲ, ಬರೀ ಉದ್ರಿ ಪುಸ್ತಕ ಇದೆ ಎಂದರೆ ದಾರಿ ಬೇರೆ. ಅದು ಸಿವಿಲ್ ದಾವೆ. ಸಾಲದ ಅವಧಿ ಬೇರೆ ಗೊತ್ತುಪಡಿಸಿರದಿದ್ದರೆ ಮಾಲು ಕೊಟ್ಟ ದಿನದಿಂದ 3 ವರ್ಷ ಕಾಲಮಿತಿ. ಆ 3 ವರ್ಷದೊಳಗೆ ಗಿರಾಕಿ ‘ಇಷ್ಟು ಬಾಕಿ ಕೊಡಬೇಕು’ ಎಂದು ಬರೆದು ಸಹಿ ಮಾಡಿದರೆ ಅಲ್ಲಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ವರ್ಷಕ್ಕೊಮ್ಮೆ, ದೀಪಾವಳಿ ಪೂಜೆಯ ಲೆಕ್ಕದ ಹೊತ್ತಿಗಾದರೂ, ಪುಸ್ತಕದ ಬಾಕಿಗೆ ತಾರೀಖು ಸಮೇತ ಗಿರಾಕಿಯ ಸಹಿ ಹಾಕಿಸಿಕೊಂಡ ಅಂಗಡಿಯವರ ವಕೀಲರಿಗೆ ಅರ್ಧ ಕೆಲಸ ಕಡಿಮೆ.

ಯಾವ ಬಾಗಿಲು?

ರನ್ನ ಬೆಳಗಲಿ ಮುಧೋಳ ತಾಲ್ಲೂಕಿನ ಊರು. ಹೊಲ, ಮನೆ, ಪ್ಲಾಟಿನ ದಾವೆಗಳು ಆಸ್ತಿ ಎಲ್ಲಿದೆಯೋ ಅಲ್ಲಿಯ ಸಿವಿಲ್ ಕೋರ್ಟಿನಲ್ಲೇ ನಡೆಯಬೇಕು, ಅಂದರೆ ಇಲ್ಲಿಯ ಆಸ್ತಿಗೆ ಮುಧೋಳ. ಆದರೆ ಉತಾರದಲ್ಲಿ ಹೆಸರು ಏರಿಸುವುದು, ಇಳಿಸುವುದು ಕಂದಾಯ ಇಲಾಖೆಯ ಕೆಲಸ. ತಹಶೀಲ್ದಾರ್ ಕಚೇರಿಯ ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಜಮಖಂಡಿಯ ಎಸಿ ಕೋರ್ಟಿಗೆ, ಅಂದರೆ ಉಪವಿಭಾಗಾಧಿಕಾರಿ ಬಳಿಗೆ. ಅದರ ಮೇಲೆ ಬಾಗಲಕೋಟೆಯ ಜಿಲ್ಲಾಧಿಕಾರಿ. ಈ ಎರಡು ಕಡೆ ನಡೆಸುವ ವಕೀಲಿಕೆಯೇ ಬೇರೆ. ಸಿವಿಲ್ ಕೋರ್ಟಿನಲ್ಲಿ ಪಾಟೀಸವಾಲು ಜೋರಾಗಿ ಮಾಡುವವರಿಗೆ ಭೂ ಕಂದಾಯ ಕಾಯ್ದೆಯ 136ನೇ ಕಲಂನ ಸೂಕ್ಷ್ಮ ಗೊತ್ತಿರಲೇಬೇಕೆಂದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ಮಾಲೀಕತ್ವ ಯಾರದು ಎಂದು ಎಸಿ ಕೋರ್ಟ್ ತೀರ್ಮಾನಿಸುವುದಿಲ್ಲ. ಅಲ್ಲಿ ನಡೆಯುವುದು ಉತಾರದ ನೋಂದಣಿಯ ಪ್ರಶ್ನೆ ಮಾತ್ರ. ಹೊಲ ಯಾರದು ಎಂಬ ಜಗಳವಿದ್ದರೆ ಸಿವಿಲ್ ಕೋರ್ಟಿಗೇ ಹೋಗಬೇಕು. ಉತಾರದ ಹಿಂದೆ ಜಮಖಂಡಿಗೆ ನಾಲ್ಕೈದು ವರ್ಷ ಅಲೆದು, ಕೊನೆಗೆ ‘ಸಿವಿಲ್ ಕೋರ್ಟಿಗೆ ಹೋಗಿ’ ಎಂಬ ಒಂದು ಸಾಲಿನ ಆದೇಶ ಹಿಡಿದು ಬರುವ ಪಾಡು ಯಾರಿಗೂ ಬೇಡ. ‘ಇದು ಹಕ್ಕಿನ ಪ್ರಶ್ನೆಯೋ, ಬರೀ ಉತಾರದ ಪ್ರಶ್ನೆಯೋ?’ ಎಂದು ಮೊದಲ ದಿನವೇ ಕೇಳಬೇಕು. ಉತ್ತರ ಸರಳವಾಗಿ ಬರದಿದ್ದರೆ ಇನ್ನೊಬ್ಬ ವಕೀಲರನ್ನೂ ಕೇಳಿ ನೋಡುವುದು ಒಳ್ಳೆಯದು.

ಕೆಲವು ಬಾಗಿಲಿಗೆ ವಕೀಲರು ಬೇಕೇ ಬೇಕು ಎಂದಿಲ್ಲ. ಬೀಜ ಮೊಳಕೆಯೊಡೆಯಲಿಲ್ಲ, ಮೋಟರ್ ಸುಟ್ಟರೂ ಕಂಪನಿ ಗ್ಯಾರಂಟಿ ಕೊಡಲಿಲ್ಲ, ವಿಮೆ ಕ್ಲೇಮ್ ತಿರಸ್ಕರಿಸಿದರು ಎಂಬಂಥವಕ್ಕೆ ಬಾಗಲಕೋಟೆಯಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ದೂರುದಾರರೇ ನಿಂತು ವಾದಿಸಬಹುದು, ಕಾಲಮಿತಿ 2 ವರ್ಷ. ಹೊಲ ಬರೆಸಿಕೊಂಡು ಆಮೇಲೆ ತಂದೆ-ತಾಯಿಯನ್ನು ನೋಡಿಕೊಳ್ಳದ ಮಕ್ಕಳ ವಿರುದ್ಧ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಎಸಿ ಅವರ ಬಳಿ ಅರ್ಜಿ ಹಾಕುವುದಕ್ಕೂ ವಕೀಲರು ಕಡ್ಡಾಯವಲ್ಲ. ಇಂಥದ್ದಕ್ಕೆ ‘ವಕಾಲತ್ತು ಬೇಡ, ನೀವ ಅರ್ಜಿ ಬರದು ಕೊಡ್ರಿ’ ಎಂದು ಹೇಳಿ ಕಳಿಸುವ ವಕೀಲರು ಸಿಕ್ಕರೆ ಅವರ ನಂಬರ್ ಇಟ್ಟುಕೊಳ್ಳಬೇಕು. ಮುಂದೆ ನಿಜವಾದ ಖಟ್ಲೆ ಬಂದಾಗ ಅವರ ಬಳಿಯೇ ಹೋಗಬಹುದು.

ಅಪಘಾತದ ಪರಿಹಾರಕ್ಕೆ ಮಾತ್ರ ತಡ ಮಾಡುವಂತಿಲ್ಲ. 2019ರ ತಿದ್ದುಪಡಿಯಂತೆ, 2022ರ ಏಪ್ರಿಲ್ 1ರಿಂದ, ಅಪಘಾತವಾದ 6 ತಿಂಗಳೊಳಗೆ ಕ್ಲೇಮ್ ಅರ್ಜಿ ಹಾಕಬೇಕು. ಈ ಕಾಲಮಿತಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆಯಾದರೂ ಅದನ್ನು ನಂಬಿ ಕೂಡುವುದು ಜಾಣತನವಲ್ಲ.

ತಾಲ್ಲೂಕು ಕೋರ್ಟಿನಲ್ಲಿ ಸೋತರೆ ಮೇಲ್ಮನವಿಗೆ ಜಿಲ್ಲೆಯೊಳಗೆ 30 ದಿನ, ಹೈಕೋರ್ಟಿಗೆ 90 ದಿನ. ಬಾಗಲಕೋಟೆ ಜಿಲ್ಲೆಯವರು ಹೈಕೋರ್ಟಿಗೆಂದು ಬೆಂಗಳೂರಿಗೆ ಹೋಗಬೇಕಿಲ್ಲ, ಧಾರವಾಡ ಪೀಠ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದದ್ದು 2013ರಲ್ಲಿ ಕಾಯಂ ಆಯಿತು. ಅಲ್ಲಿಯ ವಕೀಲರನ್ನು ಇಲ್ಲಿಯ ವಕೀಲರೇ ಸೂಚಿಸುವುದು ರೂಢಿ. ಅದರಲ್ಲಿ ತಪ್ಪೇನಿಲ್ಲ, ಆದರೆ ಫೀಯ ಮಾತನ್ನು ಧಾರವಾಡದ ವಕೀಲರೊಂದಿಗೆ ಕಕ್ಷಿದಾರರೇ ನೇರವಾಗಿ ಆಡಬೇಕು. ಎರಡನೇ ಮೇಲ್ಮನವಿಯಲ್ಲಿ ಹೈಕೋರ್ಟ್ ಸಾಕ್ಷಿಗಳನ್ನು ಮತ್ತೆ ತೂಗಿ ನೋಡುವುದಿಲ್ಲ, ಗಟ್ಟಿಯಾದ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ಕೈಗೆತ್ತಿಕೊಳ್ಳುತ್ತದೆ. ‘ಧಾರವಾಡಕ್ಕ ಹೋದ್ರ ಗೆಲ್ತೀವಿ’ ಎನ್ನುವವರಿಗೆ ‘ಆ ಪ್ರಶ್ನೆ ಯಾವುದು?’ ಎಂದು ಕೇಳುವ ಹಕ್ಕು ಖರ್ಚು ಮಾಡುವವರಿಗಿದೆ.

ಹೆಸರು ಸಿಕ್ಕ ಮೇಲೆ ಪರೀಕ್ಷಿಸುವುದು ಹೇಗೆ

ವಕೀಲರು ಜಾಹೀರಾತು ಕೊಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಅದನ್ನು ನಿಷೇಧಿಸುತ್ತದೆ. ಬಾಗಿಲಿಗೆ ಹಾಕುವ ಬೋರ್ಡು ಕೂಡ ಸಾಧಾರಣ ಅಳತೆಯದ್ದಿರಬೇಕು, ಇಂಥ ಪ್ರಕರಣದಲ್ಲಿ ಪರಿಣತರು, ಹಿಂದೆ ನ್ಯಾಯಾಧೀಶರಾಗಿದ್ದರು ಎಂದೆಲ್ಲ ಅದರ ಮೇಲೆ ಬರೆಸುವಂತಿಲ್ಲ. 2008ರ ತಿದ್ದುಪಡಿಯಿಂದ ಸ್ವಂತ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ನಡೆಸುವ ಪ್ರಕರಣಗಳ ಬಗೆ ಇಷ್ಟನ್ನು ಹಾಕಿಕೊಳ್ಳಬಹುದು. ಮೊಬೈಲಿನಲ್ಲಿ ಹುಡುಕಿದರೆ ‘ಟಾಪ್ ಟೆನ್ ವಕೀಲರು’ ಎಂದು ಪಟ್ಟಿ ತೋರಿಸುವ ಜಾಲತಾಣಗಳ ವಿರುದ್ಧ 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಕಟುವಾದ ತೀರ್ಪು ಕೊಟ್ಟಿದೆ. ಅಲ್ಲಿಯ ಸ್ಟಾರ್‌ಗಳನ್ನು ನೋಡಿ ವಕೀಲರನ್ನು ಆರಿಸುವುದು, ಗೋಡೆ ಮೇಲಿನ ಪೋಸ್ಟರ್ ನೋಡಿ ಎತ್ತು ಕೊಂಡಂತೆ.

ಹಾಗಾದರೆ ನೋಡುವುದೆಲ್ಲಿ? ಮುಧೋಳ, ಜಮಖಂಡಿ, ಬೀಳಗಿ, ಬನಹಟ್ಟಿ ಸೇರಿ ದೇಶದ ಎಲ್ಲ ತಾಲ್ಲೂಕು ಕೋರ್ಟುಗಳ ಪ್ರಕರಣಗಳು ‘ಇ-ಕೋರ್ಟ್ಸ್’ ಜಾಲತಾಣದಲ್ಲೂ ಅದೇ ಹೆಸರಿನ ಮೊಬೈಲ್ ಆ್ಯಪ್‌ನಲ್ಲೂ ಇವೆ. ಅದರಲ್ಲಿ ವಕೀಲರ ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿ ಹುಡುಕಬಹುದು. ಕರ್ನಾಟಕದ ವಕೀಲರ ನೋಂದಣಿ ಸಂಖ್ಯೆ ‘ಕೆಎಆರ್’ ಎಂದು ಶುರುವಾಗಿ, ನಡುವೆ ಕ್ರಮಸಂಖ್ಯೆ, ಕೊನೆಗೆ ನೋಂದಣಿಯಾದ ವರ್ಷ ಇರುತ್ತದೆ. ಸಂಖ್ಯೆ ಕೇಳಿದರೆ ಯಾವ ವಕೀಲರೂ ಬೇಸರ ಮಾಡಿಕೊಳ್ಳಬೇಕಾದ್ದಿಲ್ಲ, ಅದು ಮುಚ್ಚಿಡುವ ಸಂಗತಿಯೇ ಅಲ್ಲ. ಒಂದೇ ಹೆಸರಿನ ಇಬ್ಬರು ವಕೀಲರಿದ್ದಾರೆ, ಒಬ್ಬರ ಹೆಸರೇ ನಾಲ್ಕು ಥರ ಸ್ಪೆಲ್ಲಿಂಗ್‌ನಲ್ಲಿದೆ ಎಂಬ ಗೊಂದಲವೂ ಸಂಖ್ಯೆಯಿಂದ ತಪ್ಪುತ್ತದೆ.

ಅಲ್ಲಿ ಗೆಲುವು-ಸೋಲಿನ ಲೆಕ್ಕ ಹುಡುಕಬಾರದು. ಕೆಟ್ಟ ಖಟ್ಲೆ ಹಿಡಿದ ಒಳ್ಳೆಯ ವಕೀಲರು ಸೋಲುತ್ತಾರೆ, ಅದು ಸಹಜ. ನೋಡಬೇಕಾದ್ದು ಅವರು ನಡೆಸುವ ಪ್ರಕರಣಗಳ ಬಗೆ. ಎಲ್ಲವೂ ಚೆಕ್ ಮತ್ತು ಬ್ಯಾಂಕ್ ಸಾಲದ ಪ್ರಕರಣಗಳೇ ಆಗಿದ್ದರೆ ವಾಟ್ನಿ ದಾವೆಗೆ ಬೇರೆಯವರನ್ನು ವಿಚಾರಿಸುವುದು ಮೇಲು. ಇನ್ನೊಂದು ಉಪಾಯ ಹಳೆಯದು, ಖರ್ಚಿಲ್ಲದ್ದು: ಒಂದು ದಿನ ಮುಂಜಾನೆ ಕೋರ್ಟ್ ಹಾಲಿನ ಹಿಂದಿನ ಬೆಂಚಿನ ಮೇಲೆ ಹೋಗಿ ಕೂಡುವುದು. ಕೋರ್ಟ್ ಕಲಾಪ ಸಾಮಾನ್ಯವಾಗಿ ಎಲ್ಲರಿಗೂ ತೆರೆದದ್ದು. ಯಾರು ಕಾಗದ ಸಿದ್ಧ ಮಾಡಿಕೊಂಡು ಬರುತ್ತಾರೆ, ಯಾರು ಪ್ರತಿ ಬಾರಿ ‘ಮುಂದಿನ ತಾರೀಖು ಕೊಡಿ’ ಎನ್ನುತ್ತಾರೆ ಎಂಬುದು ಎರಡು ತಾಸಿನಲ್ಲಿ ಕಾಣುತ್ತದೆ.

ತಹಶೀಲ್ದಾರ್ ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ, ಕೋರ್ಟಿನ ಚಹಾದಂಗಡಿ ಬಳಿ ‘ಬರ್ರೀ, ನಮ್ ವಕೀಲ್ರ ಹತ್ರ ಕರ್ಕೊಂಡ್ ಹೋಗ್ತೀನಿ’ ಎನ್ನುವವರ ಬಗ್ಗೆ ಮಾತ್ರ ಹುಷಾರು. ಕಮಿಷನ್ ಮೇಲೆ ಕೇಸ್ ತಂದುಕೊಡುವ ದಲ್ಲಾಳಿತನ ಅಪರಾಧ ಎಂದು ವಕೀಲರ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ ಬಂದಿದೆ. ಆ ಕಮಿಷನ್ ಕೊನೆಗೆ ಬರುವುದು ಕಕ್ಷಿದಾರರ ಕಿಸೆಯಿಂದಲೇ. ಬಾಂಡ್ ಬರೆಯುವವರು ಬಾಂಡ್ ಬರೆಯಲಿ, ಕಾನೂನು ಸಲಹೆಯನ್ನು ವಕೀಲರಿಂದಲೇ ಕೇಳಬೇಕು.

‘ಅಣ್ಣ ತಂದ ವಕೀಲರು’

ಈ ಭಾಗದ ಮನೆಗಳನ್ನು ಅತಿ ಹೆಚ್ಚು ಸುಡುವುದು ವಾಟ್ನಿಯ ಜಗಳ. ಕರ್ನಾಟಕದಲ್ಲಿ 1994ರಲ್ಲೇ, ಇಡೀ ದೇಶದಲ್ಲಿ 2005ರ ಸೆಪ್ಟೆಂಬರ್ 9ರಿಂದ, ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿದೆ. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಇರುತ್ತದೆ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಾಟ್ನಿಗೆ ಮಾತ್ರ ಇದರಿಂದ ಧಕ್ಕೆಯಿಲ್ಲ.

ಕಾನೂನು ಹೀಗಿದ್ದರೂ ನಡೆಯುವುದು ಬೇರೆ. ತಂದೆ ತೀರಿಕೊಂಡ ಕೆಲವು ತಿಂಗಳಿಗೆ ಅಣ್ಣ ತವರಿಗೆ ಕರೆಸುತ್ತಾನೆ, ಸೀರೆ ಕುಪ್ಪಸ ಕೊಡುತ್ತಾನೆ, ‘ಬರೀ ಹೆಸರು ಬದಲಾಗೋದಕ್ಕ ಒಂದ್ ಸಹಿ ಹಾಕವ್ವಾ’ ಎನ್ನುತ್ತಾನೆ. ಪಕ್ಕದಲ್ಲಿ ವಕೀಲರೂ ಇರುತ್ತಾರೆ. ಕಾಗದ ಹಕ್ಕು ಬಿಡುಗಡೆ ಪತ್ರವೋ, ವಾಟ್ನಿ ಪತ್ರವೋ, ಬರೀ ವಾರಸಾ ಅರ್ಜಿಯೋ ಎಂದು ತಂಗಿಗೆ ಗೊತ್ತಿರುವುದಿಲ್ಲ. ಅಣ್ಣ ತಂದ ವಕೀಲರು ಅಣ್ಣನ ವಕೀಲರು. ಅವರು ಕೆಟ್ಟವರೇನಲ್ಲ, ಅವರ ಕರ್ತವ್ಯವೇ ತಮ್ಮ ಕಕ್ಷಿದಾರರ ಪರವಾಗಿರುವುದು. ಒಬ್ಬರಿಗೆ ಸಲಹೆ ಕೊಟ್ಟು ಕಾಗದ ಬರೆದುಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲುವಂತಿಲ್ಲ ಎಂದು ಪರಿಷತ್ತಿನ ನಿಯಮವೂ ಹೇಳುತ್ತದೆ. ಪ್ರೀತಿಯಿಂದ ಬಿಟ್ಟುಕೊಡುವುದೇ ನಿಶ್ಚಯವಾದರೂ, ಸಹಿ ಮಾಡುವ ಮೊದಲು ಆ ಕಾಗದವನ್ನು ತನ್ನದೇ ಬೇರೆ ವಕೀಲರಿಂದ ಒಮ್ಮೆ ಓದಿಸಿಕೊಳ್ಳುವುದು ತಂಗಿಯ ಹಕ್ಕು.

‘ಕೋರ್ಟಿಗೆ ಹೋದರೆ ಲಕ್ಷಾಂತರ ಕೋರ್ಟ್ ಫೀ’ ಎಂದು ಹೆದರಿಸುವವರೂ ಇದ್ದಾರೆ. ಆಸ್ತಿ ಇನ್ನೂ ಒಟ್ಟಾಗಿದೆ, ತಾನೂ ಜಂಟಿ ಸ್ವಾಧೀನದಲ್ಲಿದ್ದೇನೆ ಎಂಬ ವಾಟ್ನಿ ದಾವೆಗೆ 1958ರ ಕರ್ನಾಟಕ ಕೋರ್ಟ್ ಫೀ ಕಾಯ್ದೆಯ 35ನೇ ಕಲಂನಲ್ಲಿ ಇಟ್ಟಿರುವ ಗರಿಷ್ಠ ಶುಲ್ಕ 200 ರೂಪಾಯಿ. ಆಸ್ತಿಯಿಂದ ಪೂರ್ತಿ ಹೊರಹಾಕಿದ್ದರೆ ಮಾತ್ರ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ. ಹಣ ವಸೂಲಿಯ ದಾವೆಗೆ ಹಾಗಲ್ಲ, ಅಲ್ಲಿ ಮೊತ್ತದ ಮೇಲೆ ಶೇಕಡಾವಾರು ಬೀಳುತ್ತದೆ. 2 ಲಕ್ಷದ ದಾವೆಗೆ ಸುಮಾರು 13,600 ರೂಪಾಯಿ. ಹೀಗಾಗಿ ‘ಕೋರ್ಟ್ ಫೀ ಎಷ್ಟು, ತಮ್ಮ ಫೀ ಎಷ್ಟು’ ಎಂದು ಬಿಡಿಸಿ ಕೇಳಲೇಬೇಕು. ಎರಡನ್ನೂ ಕಲಸಿ ಒಂದೇ ಮೊತ್ತ ಹೇಳಿದರೆ ಅಲ್ಲಿ ಲೆಕ್ಕ ತಪ್ಪುತ್ತದೆ.

ಹಳೇ ಹೊಲಗಳ ವಾಟ್ನಿಯಲ್ಲಿ ಇನ್ನೊಂದು ಸ್ಥಳೀಯ ತೊಡಕಿದೆ. 1948ರವರೆಗೆ ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರ ಸಂಸ್ಥಾನ. ಆ ಕಾಲದ ಕೆಲವು ಕಾಗದಗಳು ಮರಾಠಿಯಲ್ಲಿ, ಅದರಲ್ಲೂ ಮೋಡಿ ಅಕ್ಷರದಲ್ಲಿ ಇರುತ್ತವೆ. ಮನೆಯ ಟ್ರಂಕಿನಲ್ಲಿ ಅಂಥ ಕಾಗದವಿದ್ದರೆ ‘ಓದಾಕ ಬರಂಗಿಲ್ಲ’ ಎಂದು ಪಕ್ಕಕ್ಕಿಡದೆ ವಕೀಲರಿಗೆ ತೋರಿಸಬೇಕು. ಮೋಡಿ ಓದುವವರನ್ನು ಹುಡುಕಿಸಿ ತರ್ಜುಮೆ ಮಾಡಿಸುವ ವಕೀಲರಿಗೂ, ಅದನ್ನು ನೋಡದೆ ದಾವೆ ಬರೆಯುವವರಿಗೂ ಫಲಿತಾಂಶದಲ್ಲಿ ಬಹಳ ವ್ಯತ್ಯಾಸವಾಗಬಹುದು.

ಫೀ, ರಸೀದಿ, ಪರ್ಸೆಂಟು

ವಕೀಲರ ಫೀಗೆ ಸರ್ಕಾರಿ ದರಪಟ್ಟಿ ಇಲ್ಲ. ಮಾತುಕತೆಯೇ ಎಲ್ಲ. ಆದ್ದರಿಂದ ಮೊದಲ ದಿನವೇ, ಸಂಕೋಚ ಬಿಟ್ಟು, ನೋಟಿಸಿಗೆ ಎಷ್ಟು, ದಾವೆ ಹಾಕಲು ಎಷ್ಟು, ಸಾಕ್ಷಿ ವಿಚಾರಣೆಗೆ ಎಷ್ಟು, ವಾದಕ್ಕೆ ಎಷ್ಟು ಎಂದು ಹಂತ ಹಂತವಾಗಿ ಕೇಳಿ ಬರೆಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಹಣವನ್ನು ಫೋನ್ ಪೇ, ಗೂಗಲ್ ಪೇ ಅಥವಾ ಚೆಕ್ಕಿನಿಂದ ಕೊಟ್ಟರೆ ಲೆಕ್ಕ ತಾನಾಗಿಯೇ ಉಳಿಯುತ್ತದೆ. ಅಂಗಡಿಯಲ್ಲಿ ಹತ್ತು ರೂಪಾಯಿಗೂ ಬಿಲ್ ಬರೆಯುವವರು ವಕೀಲರಿಗೆ ಹತ್ತು ಸಾವಿರ ಕೊಟ್ಟು ರಸೀದಿ ಕೇಳಲು ನಾಚುವುದು ವಿಚಿತ್ರ. ಕಕ್ಷಿದಾರರ ಹಣಕ್ಕೆ ಲೆಕ್ಕ ಇಡಬೇಕೆಂದು, ಫೀ ಮತ್ತು ಖರ್ಚನ್ನು ಬೇರೆ ತೋರಿಸಬೇಕೆಂದು ಪರಿಷತ್ತಿನ ನಿಯಮವೇ ಇದೆ.

‘ಈಗೇನೂ ಕೊಡಬ್ಯಾಡ್ರಿ, ಪರಿಹಾರ ಬಂದ ಮ್ಯಾಲ ಹತ್ತು ಪರ್ಸೆಂಟ್ ಕೊಡ್ರಿ’ ಎಂಬ ಮಾತು ಕೇಳಲು ಹಿತ. ಆದರೆ ಗೆಲುವಿನ ಮೇಲೆ ಫೀ ನಿಗದಿ ಮಾಡುವುದನ್ನು, ಬಂದ ಹಣದಲ್ಲಿ ಪಾಲು ಕೇಳುವುದನ್ನು ಪರಿಷತ್ತಿನ 20ನೇ ನಿಯಮ ನಿಷೇಧಿಸಿದೆ. ತೆಲಂಗಾಣದಲ್ಲಿ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬರಿಂದ ವಕೀಲರು ಪರಿಹಾರದ ಮೇಲೆ ಶೇಕಡಾವಾರು ಫೀ ಕೇಳಿ ಚೆಕ್ ಪಡೆದಿದ್ದರು. ಚೆಕ್ ಬೌನ್ಸ್ ಆದಾಗ ಆಕೆಯ ಮೇಲೆಯೇ ಪ್ರಕರಣ ಹಾಕಿದರು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನೇ ರದ್ದು ಮಾಡಿ, ಇಂಥ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ, ವೃತ್ತಿ ದುರ್ನಡತೆ ಎಂದಿತು.

ಈ ತೀರ್ಪು ಬಾಗಲಕೋಟೆ ಜಿಲ್ಲೆಗೆ ಎಷ್ಟು ಮುಖ್ಯ ಎಂಬುದಕ್ಕೆ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತವನ್ನು ನೋಡಿದರೆ ಸಾಕು. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಹೋಗುವ ಭೂಮಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಕೊಡುವುದಾಗಿ ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಮೂರು ಎಕರೆ ನೀರಾವರಿ ಹೊಲ ಹೋದ ಕುಟುಂಬಕ್ಕೆ ಅದು 1 ಕೋಟಿ 20 ಲಕ್ಷ. ಅದರಲ್ಲಿ ಹತ್ತು ಪರ್ಸೆಂಟ್ ಎಂದರೆ 12 ಲಕ್ಷ, ಅದೂ ಮತ್ತೆ ಹುಟ್ಟದ ಹೊಲದ ಬೆಲೆಯಲ್ಲಿ. ಪರಿಹಾರ ಹೆಚ್ಚಿಸಲು ಕೋರ್ಟಿಗೆ ಹೋಗುವವರೂ ವಕೀಲರ ಕೆಲಸಕ್ಕೆ ತಕ್ಕ ನಿಗದಿತ ಫೀ ಮಾತಾಡಬೇಕು. ಖಾಲಿ ಚೆಕ್, ಖಾಲಿ ಬಾಂಡ್, ಖಾಲಿ ಹಾಳೆಗೆ ಸಹಿ ಯಾವ ಕಾರಣಕ್ಕೂ ಬೇಡ.

ವಕಾಲತ್ತು ಕೂಡ ಬರೀ ಒಂದು ಸಹಿಯಲ್ಲ. ಕಕ್ಷಿದಾರರ ಪರ ಹಾಜರಾಗುವ, ಅರ್ಜಿ ಹಾಕುವ, ಕೆಲವು ನಮೂನೆಗಳಲ್ಲಿ ರಾಜಿ ಮಾಡಿಕೊಳ್ಳುವ ಮತ್ತು ಕೋರ್ಟಿನಿಂದ ಹಣ ಪಡೆಯುವ ಅಧಿಕಾರವೂ ಅದರಲ್ಲಿ ಬರೆದಿರುತ್ತದೆ. ಓದಿಸಿ ಕೇಳಿ, ಬೇಡವಾದದ್ದನ್ನು ಹೊಡೆದು ಹಾಕಿಸಿ ಸಹಿ ಮಾಡಬಹುದು. ಮೂಲ ಕಾಗದಗಳು ಕೋರ್ಟಿಗೆ ಹಾಜರುಪಡಿಸುವವರೆಗೆ ಮನೆಯಲ್ಲೇ ಇರಲಿ, ವಕೀಲರಿಗೆ ಜೆರಾಕ್ಸ್ ಸಾಕು. ಮೂಲ ಕೊಡಲೇಬೇಕಾದಾಗ ಪಟ್ಟಿ ಮಾಡಿ ಸಹಿ ಪಡೆಯಬೇಕು.

ಮೊದಲ ಭೇಟಿಯಲ್ಲಿ ‘ನಮ್ಮ ಕಡೆ ಏನು ಗಟ್ಟಿ ಇದೆ’ ಎಂದು ಎಲ್ಲರೂ ಕೇಳುತ್ತಾರೆ. ‘ನಮ್ಮ ವಿರುದ್ಧ ಏನಿದೆ’ ಎಂದು ಕೇಳುವವರು ಕಡಿಮೆ. ಅದಕ್ಕೆ ಬರುವ ಉತ್ತರದಲ್ಲೇ ವಕೀಲರು ಕಾಗದ ಓದಿದ್ದಾರೋ ಇಲ್ಲವೋ ತಿಳಿಯುತ್ತದೆ.

ತಾರೀಖು ನೋಡಿಕೊಳ್ಳುವುದು ಯಾರ ಕೆಲಸ?

ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ವಕೀಲರಿಂದ ಕೇಳಿ ಪಡೆದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು, ಹಿಂದಿನ ತಾರೀಖಿಗೆ ಏನಾಯಿತು ಎಲ್ಲವೂ ಕಾಣುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಐದು ನಿಮಿಷದ ಕೆಲಸ. ವಕೀಲರ ಮೇಲೆ ಅಪನಂಬಿಕೆಯಿಂದ ಮಾಡುವುದಲ್ಲ ಇದು. ಗೈರಾಗಿ ದಾವೆ ವಜಾ ಆದರೆ ಅಥವಾ ಏಕಪಕ್ಷೀಯ ಡಿಕ್ರಿ ಆದರೆ ಅದನ್ನು ತೆಗೆಸಲು ಸಾಮಾನ್ಯವಾಗಿ 30 ದಿನದೊಳಗೆ ಅರ್ಜಿ ಬೇಕು. ಎರಡು ವರ್ಷದ ನಂತರ ಗೊತ್ತಾದರೆ ಕಾರಣ ಹೇಳಿ ಒಪ್ಪಿಸುವುದು ದೊಡ್ಡ ಹೋರಾಟ.

ವಕೀಲರನ್ನು ಬದಲಾಯಿಸುವುದು ಕಕ್ಷಿದಾರರ ಹಕ್ಕು. ಹಳೆಯ ವಕೀಲರಿಂದ ‘ಅಭ್ಯಂತರವಿಲ್ಲ’ ಎಂಬ ಸಹಿ ಪಡೆದು ಹೊಸಬರು ವಕಾಲತ್ತು ಹಾಕುತ್ತಾರೆ. ಸಹಿ ಸಿಗದಿದ್ದರೆ ಕೋರ್ಟಿನ ಅನುಮತಿ ಕೇಳಬಹುದು. ‘ಫೀ ಬಾಕಿ ಇದೆ, ಫೈಲ್ ಕೊಡೋದಿಲ್ಲ’ ಎನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬಾಕಿ ಫೀ ವಸೂಲಿಗೆ ವಕೀಲರಿಗೆ ಬೇರೆ ದಾರಿಯಿದೆ, ಕಕ್ಷಿದಾರರ ಕಾಗದ ಒತ್ತೆಯಾಗುವುದಿಲ್ಲ. ಬಾಕಿ ಕೊಡುವುದು ಮರ್ಯಾದೆ ಎಂಬುದು ಬೇರೆ ಮಾತು.

ನಿಜವಾದ ಮೋಸವಾದರೆ ದೂರು ಕೊಡಬೇಕಾದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯನ್ನು 2024ರ ಮೇ 14ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಎಂದು ಅದು ಹೇಳಿತು. ಹಳ್ಳಿಯ ಕಕ್ಷಿದಾರರಿಗೆ ಬೆಂಗಳೂರು ದೂರ ಎಂಬ ಕೊರಗು ನ್ಯಾಯವಾದದ್ದೇ. ಅದಕ್ಕೇ ರಸೀದಿ ಮತ್ತು ಸಿಎನ್‌ಆರ್ ಸಂಖ್ಯೆಯ ಮಾತನ್ನು ಇಷ್ಟು ಒತ್ತಿ ಹೇಳಬೇಕಾಗುತ್ತದೆ.

ಫೀ ಕೊಡಲು ಶಕ್ತಿ ಇಲ್ಲದಿದ್ದರೆ

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಉಚಿತ ವಕೀಲರನ್ನು ಪಡೆಯುವ ಹಕ್ಕು ಯಾರ್ಯಾರಿಗಿದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು: ಇವರಿಗೆ ಆದಾಯದ ಮಿತಿಯೇ ಇಲ್ಲ. ಅಂದರೆ ಪಾಲು ಕೇಳುವ ತಂಗಿ ಯಾವ ಮನೆಯವಳೇ ಆಗಿರಲಿ, ಅರ್ಜಿ ಹಾಕಬಹುದು. ನೆರೆ, ಬರದಂಥ ವಿಪತ್ತಿನಲ್ಲಿ ಸಂಕಷ್ಟಕ್ಕೆ ಸಿಕ್ಕವರೂ ಈ ಪಟ್ಟಿಯಲ್ಲಿದ್ದಾರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ನುಗ್ಗಿದಾಗ ಮನೆ ಕಳೆದುಕೊಂಡ ಮುಧೋಳ ತಾಲ್ಲೂಕಿನ ನದಿದಂಡೆಯವರಂಥವರಿಗೆ ಕಾಯ್ದೆಯಲ್ಲೇ ಜಾಗವಿತ್ತು. ಉಳಿದವರಿಗೆ ವರ್ಷದ ಆದಾಯ 3 ಲಕ್ಷ ರೂಪಾಯಿಯೊಳಗಿರಬೇಕು.

ಪೊಲೀಸರು ಯಾರನ್ನಾದರೂ ಹಿಡಿದುಕೊಂಡು ಹೋದಾಗಲೂ ಇದೇ ಬಾಗಿಲು. ತನ್ನ ಆಯ್ಕೆಯ ವಕೀಲರನ್ನು ಕಾಣುವ ಹಕ್ಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರಾಗುವ ಹಕ್ಕು ಸಂವಿಧಾನದ 22ನೇ ವಿಧಿಯದ್ದು. ವಕೀಲರಿಲ್ಲದಿದ್ದರೆ ಮ್ಯಾಜಿಸ್ಟ್ರೇಟರಿಗೇ ಹೇಳಿ ಉಚಿತ ವಕೀಲರನ್ನು ಕೇಳಬಹುದು.

ಉಚಿತ ಎಂದರೆ ಕಡಿಮೆ ದರ್ಜೆ ಎಂಬ ಅನುಮಾನ ಜನರಲ್ಲಿದೆ. ಸಮಿತಿಯ ಪಟ್ಟಿಯಲ್ಲಿರುವವರು ಅದೇ ಕೋರ್ಟಿನಲ್ಲಿ ದಿನವೂ ನಿಲ್ಲುವ ವಕೀಲರೇ, ಫೀಯನ್ನು ಪ್ರಾಧಿಕಾರ ಕೊಡುತ್ತದೆ. ಕಕ್ಷಿದಾರರಿಂದ ಅವರು ಹಣ ಕೇಳುವಂತಿಲ್ಲ, ಕೇಳಿದರೆ ಸಮಿತಿಗೆ ಹೇಳಬೇಕು. ನೇಮಿಸಿದವರು ಸರಿಹೋಗದಿದ್ದರೆ ಬದಲಾಯಿಸಲು ಅರ್ಜಿ ಕೊಡಬಹುದು. ಹೈಕೋರ್ಟಿನ ಮೇಲ್ಮನವಿಗೂ ಈ ನೆರವು ಸಿಗುತ್ತದೆ.

ರಾಜಿಗೆ ಒಪ್ಪುವ ಮನಸ್ಸಿದ್ದರೆ ಲೋಕ ಅದಾಲತ್ ಇದೆ. ಕಟ್ಟಿದ ಕೋರ್ಟ್ ಫೀ ಅಲ್ಲಿ ವಾಪಸ್ ಬರುತ್ತದೆ. ಆದರೆ ಅಲ್ಲಿಯ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಆದ್ದರಿಂದ ರಾಜಿ ಪತ್ರದ ಪ್ರತಿ ಸಾಲನ್ನೂ ಓದಿಸಿಕೊಂಡೇ ಸಹಿ ಹಾಕಬೇಕು.

ಬೆಳಗಲಿಯವರಿಗೆ ಹತ್ತಿರದ್ದು ಮುಧೋಳ ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿ. ಕೆಲಸದ ದಿನ ಮುಂಜಾನೆ ಹೋದರೆ ಒಳ್ಳೆಯದು. ಆಧಾರ್, ಪ್ರಕರಣದ ಕಾಗದಗಳ ಜೆರಾಕ್ಸ್, ಏನಾಯಿತು ಎಂದು ತಾರೀಖು ಸಮೇತ ಬರೆದ ಒಂದು ಹಾಳೆ ಜೊತೆಗಿರಲಿ. ಅಗತ್ಯವಿದ್ದವರು ಜಾತಿ ಅಥವಾ ಆದಾಯ ಪ್ರಮಾಣಪತ್ರ ಒಯ್ಯಬೇಕು. ಅರ್ಜಿಗೆ ಶುಲ್ಕವಿಲ್ಲ. ಹೋಗಲು ಆಗದವರು 15100 ಸಂಖ್ಯೆಗೆ ಕರೆ ಮಾಡಿ ವಿಚಾರಿಸಬಹುದು.